ಪಿಸಿಒಎಸ್: 21 ದಿನದ ಕಷಾಯಕ್ಕೆ ಬುಡಸಮೇತ ಹೋಗುತ್ತದೆಯೇ?

"ಅಗಸಿ, ಮೆಂತ್ಯ, ದಾಲ್ಚಿನ್ನಿ ಕುದಿಸಿ 21 ದಿನ ಕುಡಿಯಿರಿ, ಪಿಸಿಒಎಸ್ ಮಾಯ! ಇಂಗ್ಲಿಷ್ ಗುಳಿಗೆ ಇವತ್ತೇ ಬಿಡಿ." ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ತಿರುಗುತ್ತವೆ. ಕಷಾಯದ ಬಗ್ಗೆ ನಮ್ಮ ತಕರಾರು ಕಡಿಮೆ. ತಕರಾರಿರುವುದು ಕೊನೆಯ ಸಾಲಿನ ಬಗ್ಗೆ.

ಪಿಸಿಒಎಸ್ ಗುಳ್ಳೆ ಕರಗಿಸಿದರೆ ಹೋಗುವ ರೋಗವಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಪೂರ್ತಿ ಬೆಳೆಯದೆ ನಿಂತ ಅಂಡಕೋಶಗಳು. ಮೂಲ ಸಮಸ್ಯೆ ಹಾರ್ಮೋನುಗಳ ಏರುಪೇರು. ಹಲವರಲ್ಲಿ ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ನೂರು ಮಹಿಳೆಯರಲ್ಲಿ 10ರಿಂದ 13 ಮಂದಿಗೆ ಇದು ಇರುತ್ತದೆ, ತೆಳ್ಳಗಿರುವವರಿಗೂ. ಬುಡಸಮೇತ ಕೀಳುವ ಔಷಧಿ ಯಾವ ಪದ್ಧತಿಯಲ್ಲೂ ಇಲ್ಲ. ಹತೋಟಿಯಲ್ಲಿಡಬಹುದು.

ವೈದ್ಯರು ಗುಳಿಗೆ ಕೊಡುವುದು ತೊಂದರೆ ನೋಡಿ. ಮುಟ್ಟು ಸರಿಪಡಿಸಲು, ಮೊಡವೆ ಮತ್ತು ಮುಖದ ಕೂದಲು ತಗ್ಗಿಸಲು ಹಾರ್ಮೋನ್ ಗುಳಿಗೆ. ಅದು ಗರ್ಭನಿರೋಧಕ ಗುಳಿಗೆಯೇ ಹೌದು, ಆದರೆ ಅದರಿಂದ ಬಂಜೆತನ ಬರುವುದಿಲ್ಲ. ಇನ್ಸುಲಿನ್ ತೊಂದರೆಗೆ ಮೆಟ್‌ಫಾರ್ಮಿನ್. ಮಗು ಬೇಕೆಂದಾಗ ಅಂಡ ಬಿಡುಗಡೆಗೆ ಲೆಟ್ರೊಜೋಲ್.

ತಿಂಗಳುಗಟ್ಟಲೆ ಮುಟ್ಟು ಬಾರದಿದ್ದರೆ ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಳ ಮೇಲೆ ಅದು ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ ಕಷಾಯದ ದಿನ ಎಣಿಸುತ್ತಾ ಕೂರಬೇಡಿ. ಕಮತಗಿಯವರಾದರೆ ಹುನಗುಂದದ ತಾಲೂಕು ಆಸ್ಪತ್ರೆಗೋ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೋ ಹೋಗಿ. "ಮದುವೆಯಾಗದ ಹುಡುಗಿ ಹೆರಿಗೆ ಡಾಕ್ಟರ ಹತ್ರ ಯಾಕ್ ಹೋದ್ಲು?" ಎಂಬ ಮಾತಿಗೆ ಹೆದರಿ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಮುಂದೆ ಹೋಗುತ್ತದೆ. ಫಾರ್ವರ್ಡ್‌ಗಳು ಬೇರೂರುವುದು ಅಲ್ಲೇ ಎಂದು ನಮಗನಿಸುತ್ತದೆ.

ಹಾಗಾದರೆ ಮನೆಮದ್ದು? ಜೋಳದ ರೊಟ್ಟಿಯ ಜೊತೆ ಅಗಸಿ ಚಟ್ನಿ ಒಳ್ಳೆಯ ಊಟ, ಅಷ್ಟೇ, ಔಷಧಿಯಲ್ಲ. ಪುದೀನ ಜಾತಿಯ ಸ್ಪಿಯರ್‌ಮಿಂಟ್ ಚಹಾವನ್ನು ಸುಮಾರು 40 ಮಹಿಳೆಯರ ಮೇಲೆ 30 ದಿನ ಪರೀಕ್ಷಿಸಿದಾಗ ಗಂಡು ಹಾರ್ಮೋನ್ ಇಳಿಯಿತು, ಆದರೆ ಮುಖದ ಕೂದಲು ಅಳತೆಯಲ್ಲಿ ಕಡಿಮೆಯಾಗಲಿಲ್ಲ. ತೂಕ ಹೆಚ್ಚಿರುವವರು ಶೇ 5ರಷ್ಟು ಇಳಿಸಿದರೂ ಹಲವರಲ್ಲಿ ಮುಟ್ಟು ಸುಧಾರಿಸುತ್ತದೆ. ಮಗ್ಗದ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆದರೂ ಒಳ್ಳೆಯದೇ.

ಡಬ್ಬಿಯಲ್ಲಿ ಬರುವ ಪುಡಿ, ಲೇಹ್ಯದ ಮಾತು ಬೇರೆ. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ 2008ರ ಅಧ್ಯಯನವೊಂದರಲ್ಲಿ ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆಯುರ್ವೇದವೇ ಬೇಕೆಂದರೆ ನೋಂದಾಯಿತ ವೈದ್ಯರ ಬಳಿ ಹೋಗಿ, ನುಂಗುತ್ತಿರುವ ಗುಳಿಗೆಗಳನ್ನೂ ತೋರಿಸಿ. ಇನ್ನೊಂದು ವಿಷಯ: ಮುಟ್ಟಿನ ದೋಷ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾಯ್ದೆ 1954ರಲ್ಲೇ ನಿಷೇಧಿಸಿದೆ. ಫಾರ್ವರ್ಡ್‌ನ ಕೆಳಗೆ ಡಬ್ಬಿಯ ಬೆಲೆ, ಫೋನ್ ನಂಬರ್ ಇದೆಯೇ ನೋಡಿ.