ದುಡಿಮೆ, ಮದ್ಯಪಾನ ಮತ್ತು ದಂಪತಿಗಳ ನಡುವಿನ ಮಾನಸಿಕ ಹಿಂಸೆ: ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗೆ

ಮೂಡಲಗಿ ತಾಲ್ಲೂಕಿನ ಕಲ್ಲೋಳಿ ಸುತ್ತಲಿನ ಗ್ರಾಮಗಳಲ್ಲಿ ಅನೇಕ ಕುಟುಂಬಗಳ ದುಡಿಮೆಯು ಕಬ್ಬಿನ ಹಂಗಾಮನ್ನು ಅವಲಂಬಿಸಿದೆ. ಕಟಾವಿನ ತಿಂಗಳುಗಳಲ್ಲಿ ಬಿಡುವಿಲ್ಲದ ಕೆಲಸ. ಹಂಗಾಮು ಮುಗಿದ ಮೇಲೆ ಬರಿಗೈ. ಮುಂಗಡ ಪಡೆದವರಿಗೆ ಸಾಲದ ಹೊರೆಯೂ ಸೇರುತ್ತದೆ. ಮೈಕೈ ನೋವು ಮರೆಯಲೆಂದು ಆರಂಭವಾದ ಕುಡಿತವು ಬಟವಾಡೆಯ ಹಣವನ್ನು ನುಂಗುತ್ತದೆ. ಹಣ ಏನಾಯಿತೆಂದು ಕೇಳಿದ ಹೆಂಡತಿಗೆ ಬೈಗುಳವೇ ಉತ್ತರವಾಗುತ್ತದೆ.

ಈ ಹಿಂಸೆಯ ಗಾಯ ಮೈಮೇಲೆ ಕಾಣುವುದಿಲ್ಲ. ಆದರೂ ಕಾನೂನು ಅದನ್ನು ಗುರುತಿಸಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಕಲಂ 3ರ ಪ್ರಕಾರ ಅವಮಾನ, ಹೀಯಾಳಿಕೆ, ಮಕ್ಕಳಿಲ್ಲವೆಂದು ಅಥವಾ ಗಂಡು ಮಗುವಿಲ್ಲವೆಂದು ಮೂದಲಿಸುವುದು, ಆಕೆಯ ಆಪ್ತರನ್ನು ಹೊಡೆಯುವುದಾಗಿ ಪದೇ ಪದೇ ಬೆದರಿಸುವುದು ಕೌಟುಂಬಿಕ ಹಿಂಸೆಯೇ ಆಗಿದೆ. ಮನೆಖರ್ಚಿಗೆ ಹಣ ಕೊಡದಿರುವುದು, ಆಕೆಗೆ ಸೇರಬೇಕಾದ ಹಣವನ್ನು ಕಸಿದುಕೊಳ್ಳುವುದು ಆರ್ಥಿಕ ಹಿಂಸೆ.

"ಕುಡಿದ ಅಮಲಿನಲ್ಲಿ ಅಂದದ್ದು, ಬಿಟ್ಟುಬಿಡಿ" ಎಂಬ ಸಮಾಧಾನ ಗ್ರಾಮಗಳಲ್ಲಿ ಸಾಮಾನ್ಯ. ಅದೇ ಅಮಲಿನಲ್ಲಿ ಆತನು ಕೆಲಸ ಕೊಟ್ಟ ಮಾಲೀಕನನ್ನು ನಿಂದಿಸುವುದಿಲ್ಲ, ಎದುರಾಡಲಾರದವಳನ್ನೇ ನಿಂದಿಸುತ್ತಾನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಪದೇ ಪದೇ ಕುಡಿದು ಅಮಲೇರುವ ಗಂಡಂದಿರ ಪತ್ನಿಯರಲ್ಲಿ ಸುಮಾರು ಶೇ. 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿರುವುದು ಕಂಡುಬಂದಿದೆ. ಕುಡಿಯದವರ ಪತ್ನಿಯರಲ್ಲಿಯೂ ಈ ಪ್ರಮಾಣ ಸುಮಾರು ಶೇ. 23. ಅಂದರೆ ಕುಡಿತವು ಹಿಂಸೆಯನ್ನು ಹೆಚ್ಚಿಸುತ್ತದೆ. ಆದರೆ ಹಿಂಸೆಗೆ ಅದೊಂದೇ ಮೂಲವಲ್ಲ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧಗೊಂಡರೂ ಸಮಸ್ಯೆ ಉಳಿದಿರುವುದನ್ನು ಗಮನಿಸಬಹುದು. ಆದ್ದರಿಂದ ಕುಡಿತ ಬಿಡಿಸುವ ಪ್ರಯತ್ನ ಹಾಗೂ ಮಹಿಳೆಯ ರಕ್ಷಣೆ ಎರಡೂ ಜೊತೆಯಾಗಿ ನಡೆಯಬೇಕು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ದೂರು ತಂದ ಮಹಿಳೆಯೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು. ಹಿರಿಯರೆದುರು ಒತ್ತಾಯದ ರಾಜಿ ಮಾಡಿಸಬಾರದು.

2. ಸಂರಕ್ಷಣಾಧಿಕಾರಿಯಾದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಮಾಹಿತಿ ನೀಡುವುದು. ಕಲಂ 4ರಂತೆ ಯಾರು ಬೇಕಾದರೂ ಮಾಹಿತಿ ನೀಡಬಹುದು. ಸದುದ್ದೇಶದಿಂದ ನೀಡಿದವರ ಮೇಲೆ ಯಾವುದೇ ಹೊಣೆ ಬರುವುದಿಲ್ಲ.

3. ಮಹಿಳೆಯ ಕೂಲಿಯು ಆಕೆಯ ಸ್ವಂತ ಬ್ಯಾಂಕ್ ಖಾತೆಗೇ ಜಮೆಯಾಗುವಂತೆ ನೋಡಿಕೊಳ್ಳುವುದು.

4. ಮಹಿಳಾ ಸಹಾಯವಾಣಿ 181, ತುರ್ತು ಸಹಾಯ 112, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416 ಸಂಖ್ಯೆಗಳನ್ನು ಪಂಚಾಯಿತಿ ಕಚೇರಿ ಹಾಗೂ ಅಂಗನವಾಡಿಗಳ ಗೋಡೆಯ ಮೇಲೆ ಬರೆಸುವುದು.

5. ಹಂಗಾಮಿನ ಆರಂಭಕ್ಕೆ ಮುನ್ನ ಹಾಗೂ ಅದು ಮುಗಿದ ಬಳಿಕ ಮಹಿಳಾ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರುವುದು.

ಹೊಡೆತ ಬಿದ್ದ ಮೇಲೆ ಓಡಿ ಬರುವುದಕ್ಕಿಂತ ಬೈಗುಳದ ಹಂತದಲ್ಲಿಯೇ ಗಮನಿಸುವುದು ಲೇಸು.