ಮೃತರ ಮೈಲುಗಳಿಗೆ ವಾರಸುದಾರರು ಯಾರು?

ಮನೆಯ ಹಿರಿಯರು ತೀರಿಕೊಂಡು, ವೈಕುಂಠ ಸಮಾರಾಧನೆಯೂ ಮುಗಿದ ತರುವಾಯ, ಪೆಟ್ಟಿಗೆಯೊಳಗಿನ ಕಾಗದಪತ್ರಗಳನ್ನು ಹೊರತೆಗೆದು ನೋಡುವುದು ನಮ್ಮ ಕುಟುಂಬಗಳಲ್ಲಿ ನಡೆದುಬಂದ ರೂಢಿ. ಹೊಲದ ಪಹಣಿ, ಬ್ಯಾಂಕಿನ ಠೇವಣಿ ರಸೀತಿ, ವಿಮೆಯ ಕಾಗದ, ಯಾರಿಗೋ ಕೊಟ್ಟ ಕೈಗಡದ ಚೀಟಿ, ಇವೆಲ್ಲವೂ ವಾರಸುದಾರರಿಗೆ ತಲಪುವುದಕ್ಕೆ ಕಾನೂನಿನಲ್ಲಿ ದಾರಿಯುಂಟು. ಆದರೆ ಇಂದಿನ ಪೆಟ್ಟಿಗೆಯಲ್ಲಿ ನಮ್ಮ ಅಜ್ಜಂದಿರು ಕಾಣದಿದ್ದ ಒಂದು ಸೊತ್ತು ಸೇರಿಕೊಂಡಿದೆ. ವಿಮಾನ ಕಂಪೆನಿಗಳ ಲೆಕ್ಕದಲ್ಲಿ ಮೃತರ ಹೆಸರಿಗೆ ಕೂಡಿಬಿದ್ದ ‘ಮೈಲು’ಗಳೇ ಆ ಸೊತ್ತು. ಕೊಲ್ಲಿಯ ನಾಡುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಜನ, ಉದ್ಯೋಗಕ್ಕಾಗಿ ಅಮೆರಿಕೆಯಲ್ಲಿ ನೆಲೆಸಿದ ಕನ್ನಡಿಗರು, ಅವರನ್ನು ನೋಡಲು ಸಮುದ್ರ ದಾಟಿ ಹೋಗಿಬರುವ ವೃದ್ಧ ತಂದೆತಾಯಿಗಳು, ಇವರಲ್ಲಿ ಅನೇಕರ ಹೆಸರಿಗೆ ಇಂಥ ಲೆಕ್ಕಗಳಿವೆ. ಲೆಕ್ಕದ ಒಡೆಯನು ಕಾಲವಾದರೆ ಆ ಮೈಲುಗಳ ಗತಿಯೇನು? ಉತ್ತರವು ವಾಚಕರಿಗೆ ಆಶ್ಚರ್ಯವನ್ನೂ ಅಸಮಾಧಾನವನ್ನೂ ಉಂಟುಮಾಡದೆ ಇರದು.

ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯು 1981ನೆಯ ಇಸವಿ ಮೇ ತಿಂಗಳಲ್ಲಿ ‘ಅಡ್ವಾಂಟೇಜ್’ ಎಂಬ ಯೋಜನೆಯನ್ನು ಹೊರತಂದಿತು. ಪದೇಪದೇ ತನ್ನ ವಿಮಾನವನ್ನೇ ಹತ್ತುವ ಗಿರಾಕಿಗೆ ಅವನು ಕ್ರಮಿಸಿದ ಮೈಲುಗಳನ್ನು ಎಣಿಸಿ, ಇಂತಿಷ್ಟಾದಾಗ ಒಂದು ಪ್ರಯಾಣವನ್ನು ಉಚಿತವಾಗಿ ಕೊಡುವುದೆಂಬ ಏರ್ಪಾಡು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪೆನಿಯೂ ಅದನ್ನು ಅನುಸರಿಸಿತು. ಆಗ ಅದು ಅಂಗಡಿಯವನು ಹಳೆಯ ಗಿರಾಕಿಗೆ ಕೊಸರು ಹಾಕಿದಂತೆ ಇತ್ತು. ಇಂದು ಹಾಗಿಲ್ಲ. ಕಂಪೆನಿಗಳು ಮೈಲುಗಳನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರುತ್ತವೆ. ಬ್ಯಾಂಕುಗಳು ತಮ್ಮ ಕ್ರೆಡಿಟ್ ಕಾರ್ಡು ಹಿಡಿದವರಿಗೆ ಅವನ್ನು ಹಂಚುತ್ತವೆ. 2023ರಲ್ಲಿ ಡೆಲ್ಟಾ ಕಂಪೆನಿಗೆ ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯಿಂದ ಸಂದ ಹಣ ಸುಮಾರು 700 ಕೋಟಿ ಡಾಲರು. ವಿಮಾನದ ಮೆಟ್ಟಿಲನ್ನೇ ತುಳಿಯದೆ, ಮನೆಯ ದಿನಸಿ ಕೊಂಡೂ ಮೈಲು ಗಳಿಸಬಹುದಾಗಿದೆ. ಕೊಸರು ಹೋಗಿ ಅದು ನಾಣ್ಯವಾಯಿತೆನ್ನಬೇಕು.

ಇನ್ನು ಮರಣದ ನಿಯಮಗಳು. ಡೆಲ್ಟಾ ಕಂಪೆನಿಯ ನಿಯಮಾವಳಿಯ ಪ್ರಕಾರ ಮೈಲುಗಳು ಯಾವ ಸದಸ್ಯನ ಸ್ವತ್ತೂ ಅಲ್ಲ. ಮರಣದಿಂದಾಗಲಿ ಕಾನೂನಿನ ಬಲದಿಂದಾಗಲಿ ಅವು ಮತ್ತೊಬ್ಬರಿಗೆ ಸೇರವು. 2013ಕ್ಕೆ ಹಿಂದೆ ಇದೇ ಕಂಪೆನಿಯು ಮೃತರ ಮೈಲುಗಳನ್ನು ವಾರಸುದಾರರಿಗೆ ವರ್ಗಾಯಿಸುತ್ತಿತ್ತು ಎಂಬುದನ್ನು ಗಮನಿಸಬೇಕು. ಸೌತ್‌ವೆಸ್ಟ್ ಕಂಪೆನಿಯೂ ಉಯಿಲಿಗಾಗಲಿ ವಾರಸಿಗಾಗಲಿ ಮನ್ನಣೆ ಕೊಡುವುದಿಲ್ಲ. ಅಮೆರಿಕನ್ ಏರ್‌ಲೈನ್ಸಿನ ನಿಯಮವು ಮೊದಲ ವಾಕ್ಯದಲ್ಲಿ ವರ್ಗಾವಣೆ ಕೂಡದೆಂದು ಹೇಳಿ, ಮುಂದಿನ ವಾಕ್ಯದಲ್ಲಿ, ಉಯಿಲಿನಲ್ಲಿ ಸ್ಪಷ್ಟವಾಗಿ ಹೆಸರಿಸಿದವರಿಗೆ ತಕ್ಕ ದಾಖಲೆ ಮತ್ತು ಶುಲ್ಕದ ಮೇಲೆ ಕಂಪೆನಿಯು ತನ್ನ ಇಷ್ಟದಂತೆ ಕೊಡಬಹುದೆಂದು ಸೇರಿಸುತ್ತದೆ. ಯುನೈಟೆಡ್ ಕಂಪೆನಿಯೂ ಹೀಗೆಯೇ ಎಲ್ಲವನ್ನೂ ತನ್ನ ವಿವೇಚನೆಗೆ ಇಟ್ಟುಕೊಂಡಿದೆ. ಕೊಟ್ಟರೆ ದಾಕ್ಷಿಣ್ಯ, ಕೊಡದಿದ್ದರೆ ಕೇಳುವವರಿಲ್ಲ.

ಈ ನಿಯಮಗಳಿಂದ ಒದಗುವ ನಷ್ಟ ಹಣದ್ದು ಮಾತ್ರವೆಂದು ನಾವು ಭಾವಿಸುವುದಿಲ್ಲ. ಗಂಡನನ್ನು ಕಳೆದುಕೊಂಡ ಗೃಹಿಣಿಯೊಬ್ಬಳು ಪ್ರಾಮಾಣಿಕಳಾಗಿ ಮರಣಪತ್ರದ ಪ್ರತಿಯೊಡನೆ ಕಂಪೆನಿಗೆ ಬರೆದುಕೊಂಡರೆ, ಲೆಕ್ಕವನ್ನು ಮುಚ್ಚಿ ಮೈಲುಗಳನ್ನು ಅಳಿಸಿಹಾಕುತ್ತಾರೆ. ಸುಮ್ಮನಿದ್ದು, ಮೃತನ ಗುಪ್ತಪದವನ್ನು ಬಳಸಿ ಟಿಕೆಟು ಮಾಡಿಸಿಕೊಂಡವರಿಗೆ ಪ್ರಯಾಣ ಸಿಕ್ಕಿಬಿಡುತ್ತದೆ. ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಟಿಕೆಟು ರದ್ದಾಗುವ ಭಯವೂ ಉಂಟು. ಆದರೂ ಹಾಗೆಯೇ ಮಾಡಿರೆಂದು ಬಂಧುಮಿತ್ರರೇ ಬುದ್ಧಿ ಹೇಳುವರು. ಸತ್ಯವನ್ನು ಹೇಳಿದವರನ್ನು ದಂಡಿಸಿ ಮರೆಮಾಚಿದವರಿಗೆ ಲಾಭ ಮಾಡಿಕೊಡುವ ಕಟ್ಟಳೆಯನ್ನು ಯಾವ ಹೆಸರಿನಿಂದ ಕರೆದರೂ ನ್ಯಾಯವೆಂದು ಕರೆಯಲಾಗದು. ಅದರಲ್ಲಿಯೂ, ಇನ್ನೂ ಕಣ್ಣೀರು ಆರದ ಮನೆಯನ್ನು ಇಂಥ ಪರೀಕ್ಷೆಗೆ ಗುರಿಮಾಡುವುದು ನಿರ್ದಯವಾದ ಮಾತು.

ಮೈಲುಗಳಿಗೆ ಬೆಲೆಯೇ ಇಲ್ಲವೆಂದು ಕಂಪೆನಿಗಳು ವಾದಿಸಬಹುದೇ? ಅವುಗಳ ನಡತೆಯೇ ಅದಕ್ಕೆ ಉತ್ತರ ಕೊಟ್ಟಿದೆ. 2020ರಲ್ಲಿ ಕೊರೋನಾ ಪಿಡುಗಿನಿಂದ ವಿಮಾನಗಳು ನೆಲಹಿಡಿದು ನಿಂತಾಗ, ಯುನೈಟೆಡ್ ಕಂಪೆನಿಯು ತನ್ನ ಮೈಲು ಯೋಜನೆಯನ್ನೇ ಒತ್ತೆಯಿಟ್ಟು 680 ಕೋಟಿ ಡಾಲರು ಸಾಲ ಎತ್ತಿತು. ಆಗ ಆ ಯೋಜನೆಗೆ ಅದು ಕಟ್ಟಿದ ಬೆಲೆ 2,190 ಕೋಟಿ ಡಾಲರು. ಕಂಪೆನಿಯ ಸಮಸ್ತ ಷೇರುಗಳ ಅಂದಿನ ಪೇಟೆಯ ಧಾರಣೆಗಿಂತಲೂ ಇದು ಹೆಚ್ಚು! ಅದೇ ವರ್ಷ ಡೆಲ್ಟಾ 900 ಕೋಟಿ, ಮರುವರ್ಷ ಅಮೆರಿಕನ್ ಏರ್‌ಲೈನ್ಸ್ 1,000 ಕೋಟಿ ಡಾಲರುಗಳನ್ನು ಇದೇ ಬಗೆಯಲ್ಲಿ ಪಡೆದುವು. ಒತ್ತೆಯಾದದ್ದು ಯೋಜನೆಯ ಹೆಸರು, ಸದಸ್ಯರ ವಿವರ, ಬ್ಯಾಂಕುಗಳಿಂದ ಬರುವ ವರಮಾನ. ಇಂಥಿಂಥವರ ಮೈಲುಗಳೆಂದು ಎಣಿಸಿ ಕೊಟ್ಟದ್ದಲ್ಲ, ನಿಜ. ಆದರೆ ಆ ವರಮಾನದ ಬೇರು ಸದಸ್ಯನು ಮೈಲುಗಳ ಮೇಲಿಟ್ಟ ನಂಬಿಕೆಯಲ್ಲಿಯೇ ಇದೆಯಲ್ಲವೇ? ಸಾಲಿಗರ ಮುಂದೆ ರತ್ನವಾದದ್ದು ವಿಧವೆಯ ಮುಂದೆ ಗಾಜಿನ ಚೂರಾಗುವುದು ಹೇಗೆ? ಲೆಕ್ಕದ ಪುಸ್ತಕಗಳಲ್ಲಿಯೂ ಇದೇ ಚಮತ್ಕಾರ. ಸದಸ್ಯನು ಬಳಸದ ಮೈಲುಗಳನ್ನು ಕಂಪೆನಿಯು ತಾನು ತೀರಿಸಬೇಕಾದ ಹೊಣೆಯೆಂದು ಬರೆದುಕೊಳ್ಳುತ್ತದೆ. ಬಳಕೆಯಾಗದೆ ಉಳಿಯುವುವೆಂದು ಅಂದಾಜು ಮಾಡಿದ ಭಾಗವನ್ನು ಆದಾಯದ ಕಡೆಗೆ ಸೇರಿಸಿಕೊಳ್ಳುತ್ತದೆ.

ಅಮೆರಿಕೆಯ ನ್ಯಾಯಸ್ಥಾನಗಳು ಈ ವಿಷಯದಲ್ಲಿ ಗಿರಾಕಿಗೆ ಹೆಚ್ಚಿನ ಆಸರೆಯನ್ನು ಕೊಟ್ಟಿಲ್ಲ. 1995ರ ವೊಲೆನ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಕಂಪೆನಿಯು ತಾನೇ ಒಪ್ಪಿಕೊಂಡ ಕರಾರನ್ನು ಮುರಿದರೆ ದಾವೆ ಹೂಡಬಹುದು, ಆದರೆ ಸಂಸ್ಥಾನಗಳ ಗ್ರಾಹಕರಕ್ಷಣೆಯ ಶಾಸನಗಳು ವಿಮಾನಯಾನಕ್ಕೆ ಅನ್ವಯಿಸಲಾರವು ಎಂದಿತು. 2014ರ ಗಿನ್ಸ್‌ಬರ್ಗ್ ಮೊಕದ್ದಮೆಯಲ್ಲಿ, ಸದ್ಭಾವನೆಯಿಂದ ನಡೆದುಕೊಳ್ಳಬೇಕೆಂಬ ಸಾಮಾನ್ಯ ನ್ಯಾಯದ ಹೊಣೆಯನ್ನು ಮುಂದಿಟ್ಟ ವಾದವೂ ಬಿದ್ದುಹೋಯಿತು. ಕರಾರನ್ನು ಬರೆಯುವವರು ಕಂಪೆನಿಯವರು; ತಿದ್ದುವವರೂ ಅವರೇ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರಿಗೆ ಇಲಾಖೆಯು ನಾಲ್ಕು ದೊಡ್ಡ ಕಂಪೆನಿಗಳಿಂದ ಈ ಯೋಜನೆಗಳ ಬಗೆಗೆ ವಿವರಣೆ ಕೇಳಿತು. ಅಷ್ಟರ ಮಟ್ಟಿಗೆ ಸಮಾಧಾನ.

ಸ್ವತ್ತು ಎಂದರೇನು, ಅದು ಒಬ್ಬನಿಂದ ಮತ್ತೊಬ್ಬನಿಗೆ ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ನಾಡು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಶತಮಾನಗಳ ಕಾಲ ಭರತಖಂಡದ ಬಹುಭಾಗಕ್ಕೆ ದಾಯವಿಭಾಗದ ಪ್ರಮಾಣವಾಗಿತ್ತು. ಒಡೆಯನ ಸಂಬಂಧ ಮಾತ್ರದಿಂದಲೇ ಇನ್ನೊಬ್ಬನ ಸ್ವತ್ತಾಗುವ ಧನವೇ ದಾಯವೆಂದು ಅವನ ನಿರೂಪಣೆ. ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕ ವಸ್ತುವಲ್ಲ, ಅಕ್ಕಿಯಂತೆ ಲೋಕವ್ಯವಹಾರಕ್ಕೆ ಒದಗುವುದರಿಂದ ಲೌಕಿಕವಾದದ್ದು ಎಂದೂ ಅವನು ಸಾಧಿಸಿದ್ದಾನೆ. ಮೈಲುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಅವುಗಳಿಂದ ಟಿಕೆಟು ಬರುತ್ತದೆ, ಹೋಟೆಲಿನ ಕೋಣೆ ಬರುತ್ತದೆ. ಕಂಪೆನಿಯೇ ಹಣಕ್ಕೆ ಅವನ್ನು ಮಾರುತ್ತದೆ. ಲೋಕವು ಇದನ್ನು ಸ್ವತ್ತೆಂದು ನಡೆಸಿಕೊಳ್ಳುತ್ತಿರುವಾಗ, ಅಚ್ಚಿನ ಕಾಗದದ ಒಂದು ವಾಕ್ಯವು ಅದನ್ನು ಅಲ್ಲವೆನಿಸಬಲ್ಲುದೇ?

ನಮ್ಮ ದೇಶದ ಬ್ಯಾಂಕುಗಳ ಪದ್ಧತಿಯನ್ನು ಹೋಲಿಸಿ ನೋಡಿದರೆ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಯು 2014ರಲ್ಲಿ ಸ್ಥಾಪಿತವಾದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರನು ಬಂದು ಕೇಳಿದರೆ ಹಣವು ಅವನದೇ. ಅಂಥ ಠೇವಣಿಗಳನ್ನು ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ತಾಣವನ್ನೂ ತೆರೆಯಲಾಯಿತು. 2025ರ ತಿದ್ದುಪಡಿಯ ತರುವಾಯ ಒಂದು ಖಾತೆಗೆ ನಾಲ್ವರವರೆಗೆ ನಾಮನಿರ್ದೇಶಿತರನ್ನು ಸೂಚಿಸಬಹುದಾಗಿದೆ. ನಮ್ಮ ವಿಮಾನನಿಲ್ದಾಣಗಳಿಂದ ಜನರನ್ನು ಹತ್ತಿಸಿಕೊಳ್ಳುವ ಪ್ರತಿಯೊಂದು ಕಂಪೆನಿಯೂ, ಸ್ವದೇಶಿಯಾಗಲಿ ಪರದೇಶಿಯಾಗಲಿ, ತನ್ನ ಸದಸ್ಯತ್ವದ ಅರ್ಜಿಯಲ್ಲಿ ಇಂಥದೇ ಒಂದು ಸಾಲನ್ನು ಸೇರಿಸುವಂತೆ ಕೇಂದ್ರ ಸರಕಾರವು ವಿಧಿಸಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯ ವರೆಗೆ ಕುಟುಂಬಗಳು ಎಚ್ಚರದಿಂದಿರುವುದು ಒಳ್ಳೆಯದು. ಬಹುತೇಕ ಕಂಪೆನಿಗಳಲ್ಲಿ ಸದಸ್ಯನು ಬದುಕಿರುವಾಗ ತನ್ನ ಮೈಲುಗಳಿಂದ ಮಡದಿಮಕ್ಕಳಿಗೆ ಟಿಕೆಟು ಕೊಡಿಸಲು ಅಡ್ಡಿಯಿಲ್ಲ. ಮೊಮ್ಮಕ್ಕಳ ಮದುವೆಗೆಂದು ಕೂಡಿಡುವುದು ಮಾತ್ರ ಜಾಣತನವಲ್ಲ. ಉಯಿಲು ಬರೆಯುವವರು ಮೈಲುಗಳ ಲೆಕ್ಕವನ್ನೂ ಪಡೆಯತಕ್ಕವರ ಹೆಸರನ್ನೂ ಬಿಡಿಸಿ ಬರೆಯಲಿ. ಕಂಪೆನಿಯು ನಿರಾಕರಿಸಿದರೆ ಆ ಉತ್ತರವನ್ನು ಬರಹದಲ್ಲಿಯೇ ಕೇಳಿ ಪಡೆಯಬೇಕು. 2019ರ ಗ್ರಾಹಕರ ಸಂರಕ್ಷಣಾ ಶಾಸನವು ಮೃತ ಗ್ರಾಹಕನ ವಾರಸುದಾರನಿಗೂ ದೂರು ಕೊಡುವ ಅಧಿಕಾರವನ್ನಿತ್ತಿದೆ. ಗ್ರಾಹಕನಿಗೆ ಅನ್ಯಾಯವಾಗುವ ಕರಾರಿನ ಷರತ್ತನ್ನು ಅಸಿಂಧುವೆಂದು ಸಾರುವ ಅಧಿಕಾರವು ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಉಂಟು. ದೂರನ್ನು ಕಾರಣ ಒದಗಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.