‘ಅರ್ಥವಾಯಿತೇ?’ ಎಂದರೆ ಸಾಲದು, ಮಾಡಿ ತೋರಿಸಲು ಹೇಳಿ

ಆನೆಗೊಂದಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಏಪ್ರಿಲ್ ತಿಂಗಳ ಉರಿಬಿಸಿಲು. ಒಂದೂವರೆ ವರ್ಷದ ಮಗುವಿಗೆ ಬೆಳಗಿನಿಂದ ಭೇದಿ. ಮನೆಯ ಗಂಡಸರು ಗದ್ದೆಗೆ ಹೋಗಿದ್ದಾರೆ. ತಾಯಿಯ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಆರೋಗ್ಯ ಸಲಹೆ ಕೊಡುವ ಆ್ಯಪ್ ಇದೆ. ‘ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ’ ಎಂದು ಅದು ಒಳ್ಳೆಯ ಕನ್ನಡದಲ್ಲೇ ಹೇಳುತ್ತದೆ. ತಾಯಿ ಓದುತ್ತಾಳೆ, ಅರ್ಥವೂ ಆಗುತ್ತದೆ. ಆದರೆ ಮನೆಯಲ್ಲಿರುವುದು ತಂಬಿಗೆ. ಅದು ಎಷ್ಟು ಹಿಡಿಯುತ್ತದೆಂದು ಯಾರೂ ಅಳೆದು ನೋಡಿಲ್ಲ. ‘ಕೂಸು ಅಷ್ಟು ನೀರು ಎಲ್ಲಿ ಕುಡೀತದ’ ಎಂದು ಅತ್ತೆ ಹೇಳುತ್ತಾರೆ. ಕೊನೆಗೆ ಇಡೀ ಪೊಟ್ಟಣ ಒಂದು ಲೋಟ ನೀರಿಗೆ ಬೀಳುತ್ತದೆ.

ಇದು ಸಣ್ಣ ತಪ್ಪಲ್ಲ. ದ್ರಾವಣ ಅತಿ ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಅಂಶ ಅಪಾಯಕಾರಿ ಮಟ್ಟಕ್ಕೆ ಏರಬಹುದು. ಅತಿ ತೆಳುವಾದರೆ ದೇಹ ಕಳೆದುಕೊಂಡ ಲವಣ ಮರಳಿ ಸಿಗುವುದಿಲ್ಲ. ಆ್ಯಪ್ ತಯಾರಿಸಿದವರಿಗೆ ಮಾತ್ರ ಇದಾವುದೂ ತಿಳಿಯುವುದೇ ಇಲ್ಲ. ಅವರ ಲೆಕ್ಕದಲ್ಲಿ ತಾಯಿ ಆ ಪುಟ ತೆರೆದಳು, ಓದಿದಳು, ಮುಚ್ಚಿದಳು. ಎಲ್ಲವೂ ಸರಿ!

ಇದನ್ನು ಕಂಡುಹಿಡಿಯುವ ವಿಧಾನವೇ ಬಳಕೆ ಪರೀಕ್ಷೆ. ಬಳಸುವವರ ಕೈಗೆ ವಸ್ತುವನ್ನು ಕೊಟ್ಟು, ಒಂದು ಕೆಲಸ ಹೇಳಿ, ತಾವು ಸುಮ್ಮನೆ ನೋಡುವುದು. ನೆನಪಿಡಿ, ಇಲ್ಲಿ ಪರೀಕ್ಷೆಗೆ ಕುಳಿತಿರುವುದು ವಸ್ತುವೇ ಹೊರತು ಬಳಸುವವರಲ್ಲ. ಹಿಂದೆ ಇದಕ್ಕೆ ಜನರನ್ನು ಒಂದು ಕೋಣೆಗೆ ಕರೆಸಬೇಕಿತ್ತು. ಈಗ ಆನ್‌ಲೈನ್ ವೇದಿಕೆಗಳಿವೆ. ನಿಮಗೆ ಒಂದು ಲಿಂಕ್ ಬರುತ್ತದೆ. ‘ಮಗುವಿಗೆ ಭೇದಿಯಾಗಿದೆ, ಏನು ಮಾಡಬೇಕೆಂದು ಈ ಆ್ಯಪ್‌ನಲ್ಲಿ ಹುಡುಕಿ’ ಎಂಬಂಥ ಕೆಲಸ ಕೊಡುತ್ತಾರೆ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ನೀವು ಅದನ್ನು ಮಾಡಬೇಕು. ನಿಮ್ಮ ಮಾತು ಮತ್ತು ಪರದೆಯ ಮೇಲಿನ ಚಲನೆ ದಾಖಲಾಗುತ್ತವೆ. ಎಲ್ಲಿ ತಡವರಿಸಿದಿರಿ, ಯಾವ ಗುಂಡಿಯನ್ನು ಎರಡು ಸಲ ಒತ್ತಿದಿರಿ, ಎಲ್ಲಿ ಬೇಸತ್ತು ಬಿಟ್ಟಿರಿ ಎಂಬುದನ್ನು ತಯಾರಕರು ತಮ್ಮ ಊರಿನಲ್ಲಿ ಕುಳಿತೇ ನೋಡುತ್ತಾರೆ.

ಇದಕ್ಕೆ ಸಾವಿರಾರು ಜನ ಬೇಕಿಲ್ಲ. ಯಾಕೋಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದ ಪ್ರಕಾರ, ಐದೇ ಜನರನ್ನು ಗಮನಿಸಿದರೆ ಸುಮಾರು ಶೇ 85ರಷ್ಟು ತೊಡಕುಗಳು ಹೊರಬೀಳುತ್ತವೆ. ಆದರೆ ಬಳಸುವವರು ಬೇರೆ ಬೇರೆ ಬಗೆಯವರಾದರೆ ಪ್ರತಿಯೊಂದು ಬಗೆಯವರನ್ನೂ ಪ್ರತ್ಯೇಕವಾಗಿ ನೋಡಬೇಕೆಂದೂ ಅವರು ಹೇಳಿದ್ದಾರೆ. ಜನ ಮರೆಯುವುದು ಈ ಎರಡನೆಯ ಮಾತನ್ನೇ. ಬೆಂಗಳೂರಿನ ಐವರು ಇಂಜಿನಿಯರುಗಳು ಆನೆಗೊಂದಿಯ ಆ ತಾಯಿಗೆ ಬದಲಿಯಾಗಲಾರರು.

ಕೋವಿಡ್ ಲಸಿಕೆಯ ದಿನಗಳನ್ನು ನೆನಪಿಸಿಕೊಳ್ಳಿ. 2021ರ ಮೇ 1ರಿಂದ 18ರಿಂದ 44 ವರ್ಷದವರಿಗೆ ಲಸಿಕೆ ಆರಂಭವಾದಾಗ ಕೋವಿನ್ ಪೋರ್ಟಲ್‌ನಲ್ಲಿ ಮೊದಲೇ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಗಿತ್ತು. ಮೊಬೈಲ್ ಸಂಖ್ಯೆ, ಒಟಿಪಿ, ಗುರುತಿನ ಚೀಟಿ, ಪಿನ್‌ಕೋಡ್, ಸಮಯದ ಆಯ್ಕೆ, ಇವಿಷ್ಟೂ ಇಂಗ್ಲಿಷಿನಲ್ಲಿ. ನಗರದ ಚುರುಕು ಬೆರಳುಗಳು ಕ್ಷಣದಲ್ಲಿ ಜಾಗ ಹಿಡಿಯುತ್ತಿದ್ದವು. ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದೂ ಓದಲಾಗದವರು ಹೊರಗುಳಿದರು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಡಲಾಯಿತು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದಕವನ್ನು ಪ್ರಸ್ತಾಪಿಸಿತು. ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳು ಪೋರ್ಟಲ್‌ಗೆ ಬಂದದ್ದು ಜೂನ್ ತಿಂಗಳಲ್ಲಿ. ಹಳ್ಳಿಯ ಐದು ಜನರ ಕೈಗೆ ಮೊದಲೇ ಕೊಟ್ಟು ನೋಡಿದ್ದರೆ ಭಾಷೆಯ ತೊಡಕಾದರೂ ಮೊದಲ ಮಧ್ಯಾಹ್ನವೇ ಗೊತ್ತಾಗುತ್ತಿತ್ತು ಎಂಬುದು ನನ್ನ ಅನಿಸಿಕೆ.

ಆನ್‌ಲೈನ್ ಪರೀಕ್ಷೆಗೂ ಕುರುಡುತನವಿದೆ. ಅದರಲ್ಲಿ ಭಾಗವಹಿಸುವವರೆಲ್ಲ ಈಗಾಗಲೇ ಇಂಟರ್‌ನೆಟ್ ಬಲ್ಲವರು. ಲಿಂಕ್ ತೆರೆಯಲು ಬಾರದವರ ಕಷ್ಟ ಅಲ್ಲಿ ಎಂದೂ ದಾಖಲಾಗುವುದಿಲ್ಲ. ಪರದೆಯ ದಾಖಲೆಯಲ್ಲಿ ಬೆರಳು ಕಾಣುತ್ತದೆ, ತಂಬಿಗೆ ಕಾಣುವುದಿಲ್ಲ. ಅದಕ್ಕೇ ಔಷಧಿಯ ವಿಷಯದಲ್ಲಿ ವಿಡಿಯೋ ಕರೆ ಮಾಡಿ ‘ಕ್ಯಾಮೆರಾ ನಿಮ್ಮ ಕೈಗಳ ಕಡೆ ತಿರುಗಿಸಿ, ಬೆರೆಸಿ ತೋರಿಸಿ’ ಎನ್ನಬೇಕು. ಅದೂ ಆಗದಿದ್ದರೆ ಊರಿಗೇ ಹೋಗಬೇಕು. ಅದಕ್ಕೆ ಪರ್ಯಾಯವಿಲ್ಲ.

ನಿಮಗೇ ಇಂಥ ಆಹ್ವಾನ ಬಂದರೆ ಹಿಂಜರಿಯಬೇಡಿ, ಆದರೆ ಎಚ್ಚರವಿರಲಿ. ಯಾರು ಕೇಳುತ್ತಿದ್ದಾರೆ, ದಾಖಲೆಯನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ಮೊದಲೇ ಕೇಳಿ. ನಿಮ್ಮ ನಿಜವಾದ ಕಾಯಿಲೆ, ಆಧಾರ್ ಸಂಖ್ಯೆ, ಒಟಿಪಿ, ಬ್ಯಾಂಕಿನ ಸಂದೇಶ ಇವು ಪರದೆಯ ಮೇಲೆ ಬರಕೂಡದು. ಕಲ್ಪಿತ ಹೆಸರು ಮತ್ತು ಕಲ್ಪಿತ ರೋಗ ಪರೀಕ್ಷೆಗೆ ಸಾಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಗೊತ್ತಾಗದಿದ್ದಾಗ ‘ಗೊತ್ತಾಗಲಿಲ್ಲ’ ಎನ್ನಲು ನಾಚಬೇಡಿ. ಅವರಿಗೆ ಬೇಕಾಗಿರುವುದೇ ಆ ಮಾತು.

ಇನ್ನು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಓಆರ್‌ಎಸ್ ಪೊಟ್ಟಣ ಎರಡು ಅಳತೆಗಳಲ್ಲಿ ಬರುತ್ತದೆ: ದೊಡ್ಡದು ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರ್‌ಗೆ. ಯಾವುದೆಂದು ಮೇಲೆ ಓದಿ ನೋಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್‌ನಷ್ಟು, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಬೆರೆಸಿದ ದ್ರಾವಣವನ್ನು 24 ಗಂಟೆಯ ನಂತರ ಚೆಲ್ಲಿಬಿಡಿ. ಮಗು ಕುಡಿಯಲಾರದಷ್ಟು ಸುಸ್ತಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದು ಲೀಟರಿನ ನೀರಿನ ಬಾಟಲಿಯನ್ನು ತುಂಬಿ ನಿಮ್ಮ ತಂಬಿಗೆಗೆ ಸುರಿಯಿರಿ. ನೀರು ಎಲ್ಲಿಗೆ ಬಂತೋ ಅಲ್ಲಿ ಹೊರಗಡೆ ಒಂದು ಗೀಟು ಹಾಕಿಡಿ. ಆಮೇಲೆ ಅತ್ತೆಯವರ ಕೈಗೋ ಅಜ್ಜಿಯ ಕೈಗೋ ಪೊಟ್ಟಣ ಕೊಟ್ಟು ‘ಬೆರೆಸಿ ತೋರಿಸ್ರಿ’ ಎಂದು ಹೇಳಿ. ನಡುವೆ ಬಾಯಿ ಹಾಕಬೇಡಿ.